ಕಂಡಂತೆ ಬರೆದ ಕನ್ನಡ

ರಾಬರ್ಟ್ ಮಾರ್ಟಿನ್ ಅವರ ‘ಕ್ಲೀನ್ ಕೋಡ್’ 2008ರ ಪುಸ್ತಕ. ಹೆಸರು ಓದಿದರೆ ಕೆಲಸ ತಿಳಿಯಬೇಕು, ಒಂದು ಫಂಕ್ಷನ್ ಒಂದೇ ಕೆಲಸ ಮಾಡಬೇಕು ಎಂಬ ಅದರ ಮಾತುಗಳು ನಮ್ಮ ಸಾಫ್ಟ್‌ವೇರ್ ಹುಡುಗರಿಗೆ ಬಾಯಿಪಾಠ. ಬಹುಪಾಲು ಮಂದಿ ಸಾಲುಗಳನ್ನು ಓರಣವಾಗಿಟ್ಟು ಅಲ್ಲಿಗೇ ನಿಲ್ಲುತ್ತಾರೆ. ಓರಣವಷ್ಟೇ ಸಾಲದು ಎನ್ನುವುದಕ್ಕೆ ಚಾಮರಾಜಪೇಟೆಯ ಡಿಟಿಪಿ ಅಂಗಡಿಗಳೇ ಸಾಕ್ಷಿ.

ಅಲ್ಲಿನದೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ, ಆ ಕಾಲದ ಇತರ ತಂತ್ರಾಂಶಗಳಾಗಲಿ ಮೊದಮೊದಲು ಉಳಿಸುತ್ತಿದ್ದದ್ದು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳನ್ನು. ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಡತಕ್ಕೆ ಸೇರುತ್ತಿದ್ದದ್ದು ಏಳು ತುಂಡು: ಬೋಳು ಕ, ತಲೆಕಟ್ಟು, ಬೋಳು ನ, ತಲೆಕಟ್ಟು, ನ ಒತ್ತು, ಬೋಳು ಡ, ಮತ್ತೊಂದು ತಲೆಕಟ್ಟು. ತೆರೆಯ ಮೇಲೆ ಮುದ್ದಾದ ಕನ್ನಡ. ಫಾಂಟ್ ಬದಲಿಸಿದರೆ ಟೋಪಿ ತೊಟ್ಟ ರೋಮನ್ ಅಕ್ಷರಗಳ ಸಂತೆ. ‘ಕರ್ನಾಟಕ’ದ್ದು ಇನ್ನೂ ಫಜೀತಿ. ಅರ್ಕಾವತ್ತು ಕಣ್ಣಿಗೆ ಕಾಣುವುದು ‘ನಾ’ ಆದಮೇಲೆ; ಕಡತದಲ್ಲೂ ಅಲ್ಲೇ ಕೂತಿತು. ಕನ್ನಡ ತಿಳಿಯದ ಪ್ರೋಗ್ರಾಂ ಅಕಾರಾದಿ ಜೋಡಿಸಲು ಹೊರಟರೆ ಅದಕ್ಕೆ ಅದು ‘ಕನಾ’ದಿಂದ ಶುರುವಾಗುವ ಪದ!

ಮಾಡಿದವರನ್ನು ದೂರುವಂತಿಲ್ಲ. ಫಾಂಟಿನಲ್ಲಿದ್ದದ್ದು ಹೆಚ್ಚೆಂದರೆ 256 ಮನೆ. ಒತ್ತಕ್ಷರ ಕೂಡಿಸುವುದು ಅಂದಿನ ವಿಂಡೋಸ್‌ಗೆ ಬರುತ್ತಿರಲಿಲ್ಲ; ಕನ್ನಡ ಬಲ್ಲ ಎಕ್ಸ್‌ಪಿ ಬಂದದ್ದೇ 2001ರಲ್ಲಿ. ಕಷ್ಟದಲ್ಲೂ ಕೆಲಸ ನಡೆಸಿಕೊಟ್ಟರು. ನುಡಿಗೆ ಆಧಾರವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ನೋಡಿ: ಅದು ಆಕಾರದ ಗೊಡವೆಗೆ ಹೋಗದೆ ಉಚ್ಚಾರದ ಕ್ರಮ ಹಿಡಿಯಿತು. ಕೆಳಗಿನ ಸಂಕೇತಗಳೆಲ್ಲ ಬದಲಾದರೂ ಅದೇ ವಿನ್ಯಾಸದಲ್ಲಿ ಇಂದಿಗೂ ಜನ ಟೈಪ್ ಮಾಡುತ್ತಾರೆ. ಕ್ಲೀನ್ ಕೋಡ್ ಎಂದರೆ ನನಗೆ ನೆನಪಾಗುವುದು ಅದು.

ಈಗಿನ ಸಂಕೇತವಾದ ಯುನಿಕೋಡ್‌ನಲ್ಲಿ ‘ಕರ್ನಾಟಕ’ದ ರಕಾರ ನಾವು ನುಡಿಯುವ ಕಡೆಯೇ, ನಕಾರಕ್ಕೆ ಮೊದಲೇ, ಇರುತ್ತದೆ. ಅದನ್ನು ಅರ್ಕಾವತ್ತಾಗಿಸಿ ಎಲ್ಲಿ ಕೂರಿಸಬೇಕೆಂಬುದು ಫಾಂಟಿನ ಹೊಣೆ. ಅರ್ಥ ಒಬ್ಬರ ಪಾಲು, ಅಲಂಕಾರ ಇನ್ನೊಬ್ಬರ ಪಾಲು.

ಆದರೆ ಅಚ್ಚಿನ ಮನೆಗಳ ಹಳೆ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಬಾರದು. ಎಷ್ಟೋ ಪುಸ್ತಕ ಈಗಲೂ ಹಳೆ ಫಾಂಟಿನಲ್ಲೇ ಸಿದ್ಧವಾಗಿ, ಅಂತರ್ಜಾಲಕ್ಕೆ ಏರಿಸುವಾಗ ಕನ್ವರ್ಟರ್‌ಗೆ ಬೀಳುತ್ತದೆ. ಆ ಕನ್ವರ್ಟರ್ ಬರೆಯುವವರ ಪಾಡು ನೋಡಬೇಕು. ತಲೆಕಟ್ಟಿಗೊಂದು ನಿಯಮ, ಒತ್ತಿಗೊಂದು, ಅರ್ಕಾವತ್ತನ್ನು ಹಿಂದಕ್ಕೆ ಎಳೆದು ತರಲು ಮತ್ತೊಂದು. ಎಂಥ ಒಳ್ಳೆಯ ಹೆಸರಿಟ್ಟರೂ ಆ ಫಂಕ್ಷನ್ ಚಿಕ್ಕದಾಗುವುದಿಲ್ಲ.