ನಮ್ಮ ಶಿಫಾರಸು ನಾವೇ ಬರೆದುಕೊಂಡರೆ

ಹೋದ ನವೆಂಬರಿನಲ್ಲಿ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್. ಅಮೆರಿಕದ ಆರು ಯೂನಿವರ್ಸಿಟಿಗಳಿಗೆ ಎಂ.ಎಸ್. ಅರ್ಜಿ ಹಾಕ್ತಿದ್ದಳು. "ಅಣ್ಣಾ, ಒಂದು ಲೆಟರ್ ಕಳ್ಸಿದೀನಿ, ಸ್ವಲ್ಪ ಇಂಗ್ಲಿಷ್ ತಿದ್ದಿಕೊಡ್ತೀಯಾ?" ಅಂದಳು. ಎಸ್‌ಒಪಿ ಇರಬೇಕು ಅಂದುಕೊಂಡು ತೆರೆದರೆ, ಮೊದಲ ಸಾಲಲ್ಲೇ 'ಈ ವಿದ್ಯಾರ್ಥಿನಿಯನ್ನು ನಾನು ಮೂರು ವರ್ಷದಿಂದ ಬಲ್ಲೆ' ಅಂತಿತ್ತು. ಕೆಳಗೆ ಅವಳ ಪ್ರೊಫೆಸರ್ ಹೆಸರು. ಬರೆದಿದ್ದು ಮಾತ್ರ ಇವಳೇ.

"ಸರ್ರೇ ಹೇಳಿದ್ದು, ನೀನೇ ಬರ್ಕೊಂಡ್ ಬಾರಮ್ಮ, ನಾನ್ ಅಪ್‌ಲೋಡ್ ಮಾಡ್ತೀನಿ ಅಂತ. ಎಲ್ರೂ ಹಂಗೇ ಮಾಡೋದು."

ಬೈಯೋಕೆ ನನಗೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಹಂಗೇ ಮಾಡಿದ್ದೆ. ಮೂರು ಜನರ ಹೆಸರಲ್ಲಿ ಮೂರು ಪತ್ರ. ಒಬ್ಬನೇ ಬರೆದದ್ದು ಗೊತ್ತಾಗಬಾರದು ಅಂತ ಒಂದರಲ್ಲಿ ಉದ್ದುದ್ದ ವಾಕ್ಯ, ಇನ್ನೊಂದರಲ್ಲಿ ತುಂಡು ವಾಕ್ಯ. ಆಗ ಅದು ಮೋಸ ಅನ್ನಿಸಿರಲಿಲ್ಲ, ಜಾಣತನ ಅನ್ನಿಸಿತ್ತು.

ತಪ್ಪೇನಿದೆ ಅಂತ ಈಗಲೂ ವಾದ ಮಾಡಬಹುದು. ಬರೆದದ್ದೆಲ್ಲ ನಿಜವೇ. ಮೇಷ್ಟ್ರು ಓದಿ ಒಪ್ಪಿದ್ದಾರೆ. ಆಫೀಸಲ್ಲಿ ಮ್ಯಾನೇಜರ್ ಹೆಸರಲ್ಲಿ ಹೋಗುವ ಎಷ್ಟೋ ಮೇಲ್ ಬರೆಯೋರು ನಾವೇ ತಾನೆ? ಮೇಷ್ಟ್ರನ್ನೂ ದೂರುವಂತಿಲ್ಲ. ಒಂದೊಂದು ಸೆಕ್ಷನ್ನಿಗೆ ಅರವತ್ತು ಮಕ್ಕಳು, ಅದರ ಮೇಲೆ ಲ್ಯಾಬ್ ರೆಕಾರ್ಡು, ಇಂಟರ್ನಲ್ಸು, ಸಾಲದ್ದಕ್ಕೆ ಕಮಿಟಿ ಬರುತ್ತೆ ಅಂತ ಫೈಲುಗಳ ರಾಶಿ. ಡಿಸೆಂಬರ್ ಹತ್ತಿರ ಬಂದಂತೆ ಹತ್ತಾರು ಹುಡುಗರು ಬಾಗಿಲಲ್ಲಿ ನಿಂತಿರ್ತಾರೆ.

ಆದರೆ ಆ ಅರ್ಜಿಯಲ್ಲಿ ಏನೇನಿರುತ್ತೆ ನೋಡಿ. ಮಾರ್ಕ್ಸ್ ಕಾರ್ಡ್ ಅಂಕಿ ಹೇಳುತ್ತೆ. ಎಸ್‌ಒಪಿಯಲ್ಲಿ ನಮ್ಮ ಬಗ್ಗೆ ನಾವು ಹೇಳ್ಕೋತೀವಿ. ನಮ್ಮನ್ನು ಕಂಡ ಇನ್ನೊಬ್ಬರು ಮಾತಾಡೋ ಜಾಗ ಈ ಪತ್ರ ಒಂದೇ. ಅಲ್ಲೂ ನಾವೇ ಕೂತರೆ ಅದು ಎರಡನೇ ಎಸ್‌ಒಪಿ, ಅಷ್ಟೇ.

ಇನ್ನೊಂದು ಸಣ್ಣ ವಿಷಯ ಇದೆ. ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕು ಕೊಡುವ ಕಾನೂನು ಅಮೆರಿಕದಲ್ಲಿ 1974ರಲ್ಲೇ ಬಂತು. ಹಾಗಾಗಿ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತೆ: ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡ್ತೀರಾ? ಬಿಟ್ಟುಕೊಟ್ಟರೆ ಮೇಷ್ಟ್ರು ಮುಲಾಜಿಲ್ಲದೆ ಬರೆದಿರ್ತಾರೆ ಅಂತ ಓದುವವರಿಗೆ ನಂಬಿಕೆ. ನಮ್ಮ ಹುಡುಗಿ ಬಿಟ್ಟುಕೊಡ್ತೀನಿ ಅಂತ ಟಿಕ್ ಮಾಡಿದ್ದಳು. ತಾನೇ ಬರೆದ ಪತ್ರವನ್ನು ತಾನು ನೋಡಲ್ಲ ಅಂತ! ಹನ್ನೊಂದು ವರ್ಷದ ಹಿಂದೆ ಅದೇ ಟಿಕ್ ನಾನೂ ಒತ್ತಿದ್ದೆ.

ಇದರ ಬೆಲೆ ಕಟ್ಟೋರು ಯಾರು? ಅವಳಿಗೆ ಇಂಗ್ಲಿಷ್ ತಿದ್ದೋಕೆ ನಾನಿದ್ದೆ. ಅದೇ ಕ್ಲಾಸಿನಲ್ಲಿ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೂ ಸರ್ 'ನೀನೇ ಬರ್ಕೊಂಡ್ ಬಾ' ಅಂದಿರ್ತಾರೆ. ಅವಳ ಪತ್ರ ತಿದ್ದೋಕೆ ಯಾವ ಅಣ್ಣನೂ ಇಲ್ಲ. ಅವಳಲ್ಲಿ ಏನಿದೆ ಅಂತ ಹೇಳಬಹುದಾಗಿದ್ದ ಒಬ್ಬರೇ ಒಬ್ಬರು ಸುಮ್ಮನಾಗಿಬಿಟ್ಟರು.

ಹಾಗಂತ 'ಬರೆಯಲ್ಲ ಸರ್' ಅಂತ ಹೇಳಿ ಬಾ ಅನ್ನೋಕೂ ಆಗಲ್ಲ. ಇಂಟರ್ನಲ್ಸ್ ಅವರ ಕೈಯಲ್ಲಿದೆ. ಅವಳಿಗೆ ನಾನು ಹೇಳಿದ್ದು ಇಷ್ಟು: ಪತ್ರ ಬೇಡ, ಒಂದು ಪುಟ ಟಿಪ್ಪಣಿ ಮಾಡು. ಯಾವ ಸೆಮಿಸ್ಟರ್, ಯಾವ ಸಬ್ಜೆಕ್ಟ್, ಪ್ರಾಜೆಕ್ಟಿನಲ್ಲಿ ನೀನು ಮಾಡಿದ್ದೇನು, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ. ಅದರ ಜೊತೆ ರೆಸ್ಯೂಮೆ, ಎಸ್‌ಒಪಿ, ಕೊನೇ ದಿನಾಂಕ. 'ನಿಮಗೆ ಕಂಡಿದ್ದು ಹತ್ತು ಸಾಲಾದರೂ ಪರವಾಗಿಲ್ಲ ಸರ್' ಅನ್ನು. ಸಂಗತಿ ನೆನಪಿಸೋದು ನಿನ್ನ ಕೆಲಸ, ತೂಗಿ ಹೇಳೋದು ಅವರದು. ದೊಡ್ಡ ಹುದ್ದೆ ಅಂತ ಎಚ್‌ಒಡಿ ಹಿಂದೆ ಓಡಬೇಡ, ನಿನ್ನ ಕೆಲಸ ಕಂಡವರನ್ನು ಕೇಳು.

"ಸರ್ ಆಗಲ್ಲ ಅಂದ್ರೆ? ಅವ್ರು ಸಪ್ಪೆಯಾಗಿ ಬರೆದುಬಿಟ್ರೆ? ಉಳಿದೋರದ್ದೆಲ್ಲ ಜೋರಾಗಿರುತ್ತೆ ಅಣ್ಣ."

ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇರಲಿಲ್ಲ. ನಷ್ಟ ಆಗಬಹುದು ಅಂತಲೇ ಹೇಳಿದೆ. ನನ್ನ ಸೀಟು ಸಿಕ್ಕಾಗಿದೆ, ಕೆಲಸವೂ ಆಗಿದೆ. ಈಗ ಅವಳಿಗೆ ನೀತಿ ಹೇಳೋದು ಸುಲಭ ಅಂತ ನನಗೂ ಗೊತ್ತು.

ಸರ್ ಮೊದಲು ಗೊಣಗಿದರಂತೆ, ಆಮೇಲೆ ಪುಟ ಇಟ್ಕೊಂಡರಂತೆ. ಲ್ಯಾಬ್ ಮೇಡಂ ಒಬ್ಬರು ಕೇಳಿದ ಮೂರೇ ದಿನಕ್ಕೆ ಬರೆದು ಹಾಕಿದರು. ಏನು ಬರೆದರೋ ಅವಳಿಗೆ ಗೊತ್ತಿಲ್ಲ. ನಾನು ಇದನ್ನು ಬರೆಯುವ ಹೊತ್ತಿಗೆ ಯಾವ ಯೂನಿವರ್ಸಿಟಿಯ ಉತ್ತರವೂ ಬಂದಿಲ್ಲ.

ನನ್ನ ಮೂರು ಪತ್ರಗಳು ಹಳೇ ಹಾರ್ಡ್ ಡಿಸ್ಕಿನಲ್ಲಿ ಇನ್ನೂ ಇವೆ. ಮೊನ್ನೆ ತೆಗೆದು ಓದಿದೆ. ಹೊಗಳಿಕೆಗೇನೂ ಕೊರತೆ ಇಲ್ಲ. ಆ ಮೂವರು ಮೇಷ್ಟ್ರು ನಿಜಕ್ಕೂ ನನ್ನ ಬಗ್ಗೆ ಏನಂದುಕೊಂಡಿದ್ದರು ಅನ್ನೋದೊಂದು ಮಾತ್ರ ಅದರಲ್ಲಿಲ್ಲ.