ಹತ್ತನೆಯ ವರ್ಷದ ಜೊತೆಗಾರರು

1955ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ ವಿಶ್ವವಿದ್ಯಾಲಯದ ಸಂಶೋಧಕರು, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯ 99 ರೋಗಿಗಳ ಲೆಕ್ಕ ಪ್ರಕಟಿಸಿದರು. ಕಾಯಿಲೆ ಗೊತ್ತಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬದುಕಿ ಉಳಿಯುತ್ತಿದ್ದವರು ಅರ್ಧದಷ್ಟು ಮಾತ್ರ. ಅಮೆರಿಕದ ಲೇಖಕಿ ಫ್ಲ್ಯಾನರಿ ಓಕಾನರ್ ಆ ಕಾಲದವರು. ತಂದೆಯನ್ನು ಕೊಂಡೊಯ್ದಿದ್ದ ಕಾಯಿಲೆಯೇ ಅವರಿಗೂ ಬಂತು. ಜಾರ್ಜಿಯಾದಲ್ಲಿ ತಾಯಿಯ ತೋಟದ ಮನೆ ಸೇರಿ, ದಿನವೂ ಬೆಳಿಗ್ಗೆ ಕೈಲಾದಷ್ಟು ಹೊತ್ತು ಬರೆಯುತ್ತಿದ್ದ ಅವರು 1964ರಲ್ಲಿ, 39ನೆಯ ವಯಸ್ಸಿಗೆ ತೀರಿಕೊಂಡರು.

ಇಂದು ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ನೂರರಲ್ಲಿ ತೊಂಬತ್ತರಷ್ಟು ಜನ ಹತ್ತು ವರ್ಷ ದಾಟುತ್ತಾರೆ. ಯಾವ ಒಂದು ದಿವ್ಯೌಷಧಿಯೂ ಇದನ್ನು ಮಾಡಲಿಲ್ಲ. ಬೇಗ ಗುರುತಿಸುವ ರಕ್ತಪರೀಕ್ಷೆ, ಅಳತೆಯರಿತು ಕೊಡುವ ಸ್ಟೀರಾಯ್ಡ್, ಡಯಾಲಿಸಿಸ್, ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಇವೆಲ್ಲ ಸೇರಿ ಆದದ್ದು. ಅವುಗಳ ಜೊತೆಗೆ, ಬೇಸರವಾದರೂ ಬಿಡದೆ ದಿನವೂ ಮಾತ್ರೆ ನುಂಗಿದ ರೋಗಿಗಳ ಸಹನೆ.

ಆದರೆ 1976ರಲ್ಲೇ ಟೊರಾಂಟೊ ವೈದ್ಯರು ಎಚ್ಚರಿಸಿದ್ದರು: ಮೊದಲ ವರ್ಷಗಳ ಸಾವಿಗೆ ರೋಗದ ಉಲ್ಬಣ, ಸೋಂಕು ಕಾರಣ, ಎಷ್ಟೋ ವರ್ಷದ ಮೇಲಿನ ಸಾವಿಗೆ ಹೃದಯಾಘಾತ. ಅಂದರೆ ಗಂಡಾಂತರ ಕಳೆಯಿತೆಂದು ನಾವು ನಿಶ್ಚಿಂತರಾಗುವ ಹೊತ್ತಿಗೇ ರೋಗಿಗಳ ಬಿಪಿ, ಕಿಡ್ನಿ, ಮೂಳೆ, ಹೃದಯಗಳ ಮೇಲೆ ಹೆಚ್ಚು ನಿಗಾ ಬೇಕಾಗುತ್ತದೆ.

ನಾವು ಸೋಲುವುದು ಇಲ್ಲೇ. ಮೊದಲ ವರ್ಷ ನೆಂಟರಿಷ್ಟರೆಲ್ಲ ವಿಚಾರಿಸುತ್ತಾರೆ, ಹತ್ತನೆಯ ವರ್ಷ ಆಸ್ಪತ್ರೆಗೆ ಜೊತೆಗೆ ಬರುವವರಿಲ್ಲ. ಲೂಪಸ್ ಬಂದ ಹತ್ತರಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು, ಬಹುಪಾಲು ಮದುವೆ, ಬಾಣಂತನದ ವಯಸ್ಸಿನವರು. ಸುಸ್ತು, ಕೀಲುನೋವು ಕಣ್ಣಿಗೆ ಕಾಣುವುದಿಲ್ಲ. ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಇನ್ನೂ ಯಾಕೆ ಮಾತ್ರೆ?’ ಎನ್ನುತ್ತೇವೆ. ಸಂಬಂಧ ತಪ್ಪೀತೆಂದು ಕಾಯಿಲೆ ಮುಚ್ಚಿಟ್ಟು, ಮಾತ್ರೆಯನ್ನೂ ನಿಲ್ಲಿಸಿಬಿಡುವ ಮನೆಗಳಿವೆ. ಇದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ. ಗರ್ಭಿಣಿಯಾದಾಗಲೂ ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಸುವಂತೆಯೇ ವೈದ್ಯರು ಸಾಮಾನ್ಯವಾಗಿ ಹೇಳುವುದು.

2020ರಲ್ಲಿ ಕೊರೊನಾ ಭಯಕ್ಕೆ ಆರೋಗ್ಯವಂತರು ಇದೇ ಮಾತ್ರೆಯನ್ನು ಕೊಂಡು ಕೂಡಿಟ್ಟರು. ಅದನ್ನೇ ನಂಬಿ ಬದುಕುವವರು ಅಂಗಡಿಯಿಂದ ಅಂಗಡಿಗೆ ಅಲೆದರು. ಅವರ ನೆನಪು ನಮಗಾರಿಗೂ ಬರಲಿಲ್ಲ.

ನಿಮ್ಮ ಮನೆಯಲ್ಲಿ, ಬಂಧುಬಳಗದಲ್ಲಿ ಲೂಪಸ್ ಇರುವವರಿದ್ದರೆ, ವೈದ್ಯರು ಹೇಳದೆ ಮಾತ್ರೆ ಬಿಡಿಸಬೇಡಿ. ಮುಂದಿನ ತಪಾಸಣೆಗೆ ಅವರೊಡನೆ ನೀವೂ ಹೋಗಿ.