ಜೊತೆಗಾತಿಯು ಪರಕೀಯಳೋ?

ಇಪ್ಪತ್ತು ವರುಷ ಒಂದೇ ಒಲೆಯ ಗಂಜಿಯನ್ನುಂಡು, ಒಬ್ಬಳ ರೋಗದಲ್ಲಿ ಮತ್ತೊಬ್ಬಳು ರಾತ್ರಿಯೆಲ್ಲಾ ಎಚ್ಚರವಾಗಿದ್ದು, ದಂಪತಿಗಳಂತೆ ಬಾಳಿದ ಇಬ್ಬರು ಸ್ತ್ರೀಯರಿದ್ದಾರೆಂದು ಎಣಿಸಿಕೊಳ್ಳೋಣ. ಅವರಲ್ಲಿ ಒಬ್ಬಳು ಸತ್ತರೆ ಉಳಿದವಳು ಕಾಯಿದೆಯ ಮುಂದೆ ಯಾರು? ಪರಕೀಯಳೇ.

ನಮ್ಮ ದೇಶದ 1954ನೆಯ ವಿಶೇಷ ವಿವಾಹ ಕಾಯಿದೆಯು ಜಾತಿಮತಗಳ ಅಡ್ಡಿಯನ್ನು ತೆಗೆಯಿತು. ಆದರೆ ಒಂದೇ ಲಿಂಗದವರಿಗೆ ದಾರಿಯನ್ನು ತೆರೆಯಲಿಲ್ಲ. ಇಂಥವರ ಸಂಗವನ್ನು ಅಪರಾಧವೆಂದೆಣಿಸಿದ ದಂಡಸಂಹಿತೆಯ 377ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಒಪ್ಪಿಗೆಯುಳ್ಳ ಪ್ರಾಯಸ್ಥರ ಮಟ್ಟಿಗೆ ರದ್ದುಮಾಡಿತು. 2023ನೆಯ ಅಕ್ಟೋಬರ್ 17ರಲ್ಲಿ ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರು, ವಿವಾಹಕ್ಕೆ ನಿರಪೇಕ್ಷವಾದ ಮೂಲಭೂತ ಹಕ್ಕು ಇಲ್ಲವೆಂದೂ, ಕಾಯಿದೆಯನ್ನು ಮಾರ್ಪಡಿಸುವದು ಶಾಸನಸಭೆಯ ಕೆಲಸವೆಂದೂ ತೀರ್ಪುಕೊಟ್ಟರು. ಲಿಂಗಪರಿವರ್ತಿತ ಸ್ತ್ರೀಯು ಪುರುಷನನ್ನೂ, ಅಂಥ ಪುರುಷನು ಸ್ತ್ರೀಯನ್ನೂ ಈಗಿನ ಕಾಯಿದೆಗಳಲ್ಲಿಯೇ ವಿವಾಹವಾಗಬಹುದೆಂಬದನ್ನು ಮಾತ್ರ ಒಪ್ಪಿದರು.

ಕಾಯಿದೆಯನ್ನು ಯಾರು ಬರೆಯಬೇಕೆಂಬದು ಒಂದು ಪ್ರಶ್ನೆ. ಈ ಜನರಿಗೆ ಸಲ್ಲತಕ್ಕದ್ದು ಏನೆಂಬದು ಬೇರೊಂದು. ಮೊದಲನೆಯದಕ್ಕೆ ಉತ್ತರ ದೊರೆತ ಮಾತ್ರಕ್ಕೆ ಎರಡನೆಯದು ತೀರಲಿಲ್ಲ.

ಹಳೆಯ ಪದ್ಧತಿಯು ಕೆಡುವದೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆಯನ್ನು ನಾವು ಹಾಸ್ಯಮಾಡುವದಿಲ್ಲ. ಆದರೂ ನೆರೆಮನೆಯಲ್ಲಿ ದೀಪ ಹತ್ತಿದರೆ ನಮ್ಮ ದೀಪದ ಎಣ್ಣೆಯು ಕಡಿಮೆಯಾಗುವದೋ?

ಇಂಥವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುವದಕ್ಕೆ ಅಡ್ಡಿಯಿಲ್ಲವೆಂದು ಕೇಂದ್ರ ಸರಕಾರವು 2024ರಲ್ಲಿ ತಿಳಿಸಿತು. ಇದು ಅಲ್ಪವಾದರೂ ಒಳ್ಳೇದೇ. ಹೆಚ್ಚಿನದನ್ನು ಶಾಸನಸಭೆಯೇ ಮಾಡಬೇಕು. ಅದು ತಡಮಾಡಿದರೂ ನಾವು ತಡಮಾಡಬೇಕಾಗಿಲ್ಲ. ಯಾಕಂದರೆ ಸಾವಿನ ಮನೆಯಲ್ಲಿ ಅಳುವವಳನ್ನು ಹೊಸ್ತಿಲ ಹೊರಗೆ ನಿಲ್ಲಿಸದೆ ಒಳಗೆ ಕರೆಯುವದಕ್ಕೆ ನಮಗೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಾಗಿಲ್ಲ.